ಇಳಿಸಿದ ಹಾಡು

'ಒರಿಜಿನಲ್' ಅನ್ನುವ ಮಾತು ಕಿವಿಗೆ ಬಿದ್ದರೆ ನನಗೆ ಈಗಲೂ ಮೈ ಉರಿಯುತ್ತದೆ. ತುಪ್ಪ ಮಾರುವವನು ಹೇಳಿದರೂ ಅಷ್ಟೆ, ಸೀರೆ ಅಂಗಡಿಯವನು ಹೇಳಿದರೂ ಅಷ್ಟೆ. ಇದು ಗೊತ್ತಾದ ಮೇಲೆ ನಮ್ಮ ಸ್ಕೂಲಿನ ಸ್ಟಾಫ್ ರೂಮಿನಲ್ಲಿ ಬೇಕೆಂದೇ ನನ್ನೆದುರು ಆ ಮಾತು ಬಳಸುವವರಿದ್ದಾರೆ. ಅವರಿಗೆ ತಮಾಷೆ. ಆ ಒಂದು ಮಾತು ನಮ್ಮ ಅಕ್ಕನ ಗಂಟಲನ್ನು ನುಂಗಿದ್ದು ಅವರಿಗೆ ಗೊತ್ತಿಲ್ಲ, ನಾನು ಹೇಳಿಯೂ ಇಲ್ಲ.

ನಾವು ಹೊಳೆನರಸೀಪುರದವರು. ತಾತನ ಕಾಲದವರೆಗೆ ದೇವಸ್ಥಾನದ ಪೂಜೆ ನಮ್ಮ ಮನೆಯದಾಗಿತ್ತು, ಅಪ್ಪ ಮಿಡ್ಲ್ ಸ್ಕೂಲ್ ಮೇಷ್ಟ್ರಾದರು. ಅಕ್ಕ ನನಗಿಂತ ಸಾಕಷ್ಟು ದೊಡ್ಡವಳು. ಅವಳಿಗೆ ಸಂಗೀತ ಹೇಳಿಕೊಟ್ಟದ್ದು ನಮ್ಮ ಬೀದಿಯ ಒಬ್ಬ ಅಜ್ಜಿ. ಅವರ ತವರು ರುದ್ರಪಟ್ಟಣ. ಆ ಊರಿನವರು ಅಕ್ಕಿ ಆರಿಸುವಾಗಲೂ ತಾಳ ತಪ್ಪುವುದಿಲ್ಲ ಎಂದು ನಮ್ಮಮ್ಮ ರೇಗಿಸುತ್ತಿದ್ದಳು. ಮೊದಲ ದಿನ ಅಜ್ಜಿ ಹಾರ್ಮೋನಿಯಂ ಎದುರು ಅಕ್ಕನನ್ನು ಕೂರಿಸಿಕೊಂಡು, ಒಂದೊಂದೇ ಮನೆ, ಅಂದರೆ ಅದರ ಕೀಲಿ, ಒತ್ತಿ, ಅದರ ಜೊತೆ 'ಆ' ಅನ್ನಿಸಿ ನೋಡಿದರು. ಒಬ್ಬೊಬ್ಬರ ಗಂಟಲಿಗೂ ಅದರಲ್ಲಿ ಒಂದು ಮನೆ ಇರುತ್ತದೆ, ಅದೇ ಅವರ ಶ್ರುತಿ. ಬೇರೆ ಹುಡುಗಿಯರು ಐದು, ಐದೂವರೆ ಮನೆಯಲ್ಲಿ ಹಾಡಿದರೆ ಅಕ್ಕನದು ನಾಲ್ಕು. ತಗ್ಗಿನ ದನಿ, ಆದರೆ ತುಂಬಿದ ದನಿ.

"ಇವಳದು ನಾಲ್ಕು. ಯಾರು ಏನೇ ಹೇಳಲಿ, ಮೇಲಕ್ಕೆ ಎಳೀಬೇಡಿ" ಎಂದು ಅಜ್ಜಿ ಅಪ್ಪನಿಗೆ ಹೇಳಿದರು. ಅಪ್ಪ ತಲೆಯಾಡಿಸಿದರು. ಅಪ್ಪ ಎಲ್ಲದಕ್ಕೂ ತಲೆಯಾಡಿಸುತ್ತಿದ್ದರು.

ತೊಂಬತ್ತರ ದಶಕದಲ್ಲಿ ನಮ್ಮ ಜಿಲ್ಲೆಗೆ ಹಾಡಿನ ಸ್ಪರ್ಧೆಯ ಹುಚ್ಚು ಹಿಡಿಯಿತು. ಗಣಪತಿ ಕೂರಿಸಿದ ಪೆಂಡಾಲಿನಲ್ಲಿ ಸ್ಪರ್ಧೆ, ರಾಜ್ಯೋತ್ಸವಕ್ಕೆ ಸ್ಪರ್ಧೆ, ಕಾಲೇಜ್ ಡೇಗೆ ಸ್ಪರ್ಧೆ. ಚನ್ನರಾಯಪಟ್ಟಣದಲ್ಲಿ ಒಂದು ಯುವಕ ಸಂಘ ನಡೆಸಿದರೆ ಅದಕ್ಕೆ ಸೆಡ್ಡು ಹೊಡೆದು ಪಕ್ಕದ ಬೀದಿಯವರು ಇನ್ನೊಂದು ನಡೆಸುತ್ತಿದ್ದರು. ಗೆದ್ದವರಿಗೆ ಸ್ಟೀಲ್ ಕೊಡ, ಗೋಡೆ ಗಡಿಯಾರ. ಮೊದಲ ಸುತ್ತು ಭಾವಗೀತೆ, ಎರಡನೆಯದು ಸಿನಿಮಾ ಹಾಡು. ಮೊದಲ ಸುತ್ತು ಮುಗಿಯುವವರೆಗೆ ಜನ ಬೋಂಡಾ ಅಂಗಡಿಯ ಹತ್ತಿರವೇ ಇರುತ್ತಿದ್ದರು.

ಸಿನಿಮಾ ಹಾಡಿನ ಸುತ್ತಿಗೆ ನಮ್ಮ ಕಡೆ ಒಂದು ಪದ್ಧತಿ ಇತ್ತು. ಬೇರೆ ಜಿಲ್ಲೆಯಲ್ಲಿ ಇತ್ತೋ ಇಲ್ಲವೋ ನಾನರಿಯೆ. ತೀರ್ಪುಗಾರರ ಮೇಜಿನ ಮೇಲೆ ಒಂದು ಟೇಪ್ ರೆಕಾರ್ಡರ್ ಇಟ್ಟಿರುತ್ತಿದ್ದರು. ಹಾಡುವವರು ಹಾಡಿ ಮುಗಿಸಿದ ಕೂಡಲೇ ಮೈಕಿನ ಮುಂದೆ ಅದೇ ಹಾಡಿನ ಕ್ಯಾಸೆಟ್ಟನ್ನು ಸ್ವಲ್ಪ ಹೊತ್ತು ಓಡಿಸುತ್ತಿದ್ದರು. ಕ್ಯಾಸೆಟ್ಟಿನ ದನಿ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರದಲ್ಲಿ ಹಾಡಿದ್ದರೆ ಅದು ಒರಿಜಿನಲ್. ಒಂದು ಕೂದಲು ಕೆಳಗಿದ್ದರೂ ಅದು ಇಳಿಸಿದ ಹಾಡು. ಇಳಿಸಿದ ಹಾಡೆಂದರೆ ನೀರು ಬೆರೆಸಿದ ಹಾಲು. ಗಂಡಸರು ಇಳಿಸಿದರೆ 'ಮೀಸೆ ಬೋಳಿಸ್ಕೊಳ್ಳೋ' ಎಂದು ಹಿಂದಿನ ಸಾಲಿನಿಂದ ಕೂಗುತ್ತಿದ್ದರು. ಹೆಂಗಸರಿಗೆ ಏನೆಂದು ಕೂಗುತ್ತಿದ್ದರೆಂದು ನಾನು ಬರೆಯುವುದಿಲ್ಲ.

ಅಕ್ಕ ಅದನ್ನು ಮೊದಲು ಕೇಳಿಸಿಕೊಂಡದ್ದು ಅರಕಲಗೂಡಿನಲ್ಲಿ. ಹುಡುಗಿಯೊಬ್ಬಳನ್ನೇ ಕಳಿಸಬಾರದೆಂದು ಅಪ್ಪನ ಜೊತೆ ನನ್ನನ್ನೂ ಕಳಿಸಿದ್ದರು. ಆಗ ಜಿಲ್ಲೆಯೆಲ್ಲ ಗುನುಗುತ್ತಿದ್ದ ಒಂದು ಸಿನಿಮಾ ಹಾಡನ್ನು ಅಕ್ಕ ತನ್ನ ಶ್ರುತಿಗೆ ಇಳಿಸಿಕೊಂಡು ಹಾಡಿದಳು. ಎಷ್ಟು ಚೆನ್ನಾಗಿ ಹಾಡಿದಳೆಂದರೆ ಜನ ಬೋಂಡಾ ಜಗಿಯುವುದನ್ನು ನಿಲ್ಲಿಸಿದ್ದರು. ನಾನು ಮುಂದಿನ ಸಾಲಿನಲ್ಲಿ ಕೂತು ಆಗಲೇ ಸ್ಟೀಲ್ ಕೊಡ ನಮ್ಮ ಮನೆಗೆ ಬಂತೆಂದು ಲೆಕ್ಕ ಹಾಕಿದ್ದೆ. ಆಮೇಲೆ ಕ್ಯಾಸೆಟ್ ಓಡಿಸಿದರು. ಗಾಯಕಿಯ ದನಿ ಸೂಜಿಯ ಹಾಗೆ ಮೇಲಿನಿಂದ ಬಂತು.

"ಇಳ್ಸವ್ಳೆ ಕಣ್ಲಾ!" ಎಂದು ಒಬ್ಬ ಕೂಗಿದ. "ಎರಡ್ ಮನೆ ಇಳ್ಸವ್ಳೆ! ಇಳಿಯವ್ವ ಕೆಳಕ್ಕೆ, ನೀನೂ ಇಳಿ!" ಎಂದು ಇನ್ನೊಬ್ಬ. ಪೆಂಡಾಲೆಲ್ಲ ನಕ್ಕಿತು. ಅಕ್ಕ ಮೈಕಿನ ಮುಂದೆ ನಿಂತೇ ಇದ್ದಳು, ಅವಳಿಗೆ ಮೆಟ್ಟಿಲು ಯಾವ ಕಡೆಯಿತ್ತೆಂದು ಮರೆತುಹೋಗಿತ್ತು. ಅಪ್ಪ ಎದ್ದು ಹೋಗಿ ಕೈಹಿಡಿದು ಕರೆದುಕೊಂಡು ಬಂದರು.

ಬಸ್ಸು ಹೊಗೆಸೊಪ್ಪಿನ ಹೊಲಗಳನ್ನು ದಾಟಿತು. ಆಮೇಲೆ ಅಕ್ಕ ನನಗೆ ಮಾತ್ರ ಕೇಳುವ ಹಾಗೆ, "ಇನ್ಮೇಲೆ ನಾನು ಇಳಿಸಲ್ಲ ಕಣೇ" ಅಂದಳು.

ಅರಕಲಗೂಡಿನ ಆ ಜನರ ನಡುವೆ ಚನ್ನರಾಯಪಟ್ಟಣದ ಕಡೆಯ ಒಬ್ಬ ಆರ್ಕೆಸ್ಟ್ರಾ ಯಜಮಾನರು ಇದ್ದರಂತೆ. ತೆಂಗಿನ ತೋಟ, ಒಂದು ಕೀಬೋರ್ಡು, ಒಂದು ಹಳೆಯ ವ್ಯಾನು, ಇಷ್ಟು ಅವರ ಆಸ್ತಿ. ಮುಂದಿನ ವಾರವೇ ಮನೆಗೆ ಬಂದರು.

"ಮೇಷ್ಟ್ರೇ, ನಿಮ್ ಮಗಳ ಗಂಟ್ಲು ಬಂಗಾರ. ತ್ವಾಟ ಬುಟ್ಟು ಅದನ್ನ ಏಳಾಕೇ ಬಂದಿವ್ನಿ. ಒಸಿ ಮೇಲಕ್ ಎತ್ಬುಟ್ರೆ ಈ ಜಿಲ್ಲೇಲಿ ಯಾವಳೂ ಇಡಿಯಂಗಿಲ್ಲ" ಅಂದರು.

ಹಾಡು ನಮ್ಮವೇ ಯಾಕಾಗಬಾರದು, ಹೊಸದಾಗಿ ಕಟ್ಟಿ ಅವಳ ಶ್ರುತಿಯಲ್ಲೇ ಹಾಡಿದರೆ ಆಗದೇ, ಎಂದು ಅಮ್ಮ ಒಳಗಿನಿಂದಲೇ ಕೇಳಿದಳು. ಯಜಮಾನರು ನಕ್ಕರು. "ಒಸಾ ಆಡ ಯಾವನ್ ಕೇಳ್ತಾನವ್ವ? ಜನ ಗೊತ್ತಿರಾದ್ನೇ ಕೇಳಕ್ ಬರಾದು." ಹೋಗುವಾಗ ಹಾಸನದ ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ತುಂಬಿಸಿದ ಕ್ಯಾಸೆಟ್ಟುಗಳನ್ನು ಕೊಟ್ಟುಹೋದರು. ಖಾಲಿ ಕ್ಯಾಸೆಟ್ ಕೊಟ್ಟು ಬೇಕಾದ ಹಾಡು ಹೇಳಿದರೆ ಆ ಅಂಗಡಿಯವನು ತುಂಬಿಸಿಕೊಡುತ್ತಿದ್ದ. ಅರಕಲಗೂಡಿನ ತೀರ್ಪುಗಾರರ ಮೇಜಿನ ಮೇಲಿದ್ದದ್ದೂ ಅವನದೇ, ನಮ್ಮೂರಿನ ಪೆಂಡಾಲಿನದೂ ಅವನದೇ. ಕಂಪನಿಯ ಕ್ಯಾಸೆಟ್ ಕೊಳ್ಳುವಷ್ಟು ದೊಡ್ಡ ಮನುಷ್ಯರು ಆಗ ನಮ್ಮ ಪೈಕಿ ಯಾರೂ ಇರಲಿಲ್ಲ.

ಅಕ್ಕ ಆ ಕ್ಯಾಸೆಟ್ಟಿನ ಜೊತೆ ಜಿದ್ದಿಗೆ ಬಿದ್ದಳು. ಬೆಳಗ್ಗೆ ಎದ್ದು, ಹಿತ್ತಲಿನ ಬಾಗಿಲು ಹಾಕಿಕೊಂಡು, ಮೇಲಿನ ಆ ಒಂದು ಜಾಗಕ್ಕೆ ದನಿ ಮುಟ್ಟಿಸುವುದಕ್ಕೆ ಕುತ್ತಿಗೆಯ ನರ ಉಬ್ಬುವ ಹಾಗೆ ಒದ್ದಾಡುತ್ತಿದ್ದಳು. ನನಗೆ ಆ ನರಗಳನ್ನು ನೋಡಿದರೆ ಹೆದರಿಕೆಯಾಗುತ್ತಿತ್ತು. ಕಲ್ಲುಸಕ್ಕರೆ, ಮೆಣಸು, ಜ್ಯೇಷ್ಠಮಧು ಎಲ್ಲ ಅವಳ ಕೈಚೀಲ ಸೇರಿದವು. ಅರಕಲಗೂಡಿನ ಕಡೆಯಿಂದ ಬರುವ ಪರಿಚಯದ ರೈತರು ಶುಂಠಿ ತಂದುಕೊಟ್ಟು, "ಕುದ್ಸಿ ಕುಡಿಯವ್ವ, ಗಂಟ್ಲು ಗಂಟೆ ಅಂಗಾಯ್ತದೆ" ಅನ್ನುತ್ತಿದ್ದರು.

ಒಂದು ವಿಷಯ ಮಾತ್ರ ನಮ್ಮನ್ನು ಎಚ್ಚರಿಸಬೇಕಿತ್ತು. ಹಾಸನದ ರೇಡಿಯೋದಲ್ಲಿ ಅದೇ ಹಾಡು ಬಂದರೆ ಸ್ವಲ್ಪ ನಿಧಾನವಾಗಿ, ಸ್ವಲ್ಪ ದಪ್ಪಗೆ ಕೇಳುತ್ತಿತ್ತು. ಅಪ್ಪ ರೇಡಿಯೋದ ಬೆನ್ನಿಗೆ ತಟ್ಟಿ, "ಸೆಲ್ ಮುಗೀತಾ ಬಂತು" ಅನ್ನುತ್ತಿದ್ದರು. ಹೊಸ ಸೆಲ್ ಹಾಕಿದರೂ ಹಾಗೇ ಕೇಳಿತು. ಆಗ ರೇಡಿಯೋಗೇ ವಯಸ್ಸಾಯಿತು ಅಂದುಕೊಂಡೆವು. ಬೀದಿಯವರೆಲ್ಲರ ರೇಡಿಯೋಗಳಿಗೂ ಒಟ್ಟಿಗೇ ವಯಸ್ಸಾಯಿತೇ ಎಂದು ಯಾರೂ ಕೇಳಲಿಲ್ಲ.

ಸಂಗೀತದ ಅಜ್ಜಿ ಒಂದು ಬೆಳಗ್ಗೆ ಹಿತ್ತಲ ಬಾಗಿಲು ತಳ್ಳಿಕೊಂಡು ಬಂದರು. ಅಕ್ಕ ಹಾಡುವುದನ್ನು ನಿಂತು ಕೇಳಿದರು. "ರವಿಕೆ ಚಿಕ್ಕದಾಯಿತು ಅಂತ ಯಾರಾದರೂ ಮೈ ಕೆತ್ತಿಕೊಳ್ತಾರೇನೇ?" ಎಂದು ಕೇಳಿದರು. ಅಕ್ಕ ಕ್ಯಾಸೆಟ್ಟನ್ನು ಮತ್ತೆ ಮೊದಲಿಗೆ ತಿರುಗಿಸಿದಳು. ಅಲ್ಲಿಂದಾಚೆಗೆ ಅಜ್ಜಿಯೂ ಬರಲಿಲ್ಲ, ಅಕ್ಕನೂ ಪಾಠಕ್ಕೆ ಹೋಗಲಿಲ್ಲ. ಒಂದೇ ಬೀದಿಯಲ್ಲಿದ್ದುಕೊಂಡು ಇಬ್ಬರೂ ಮುಖ ತಪ್ಪಿಸಿ ಓಡಾಡಿದರು.

ಆದರೆ ಅಕ್ಕ ಮುಟ್ಟಿದಳು. ಮುಂದಿನ ವರ್ಷ ಅದೇ ಅರಕಲಗೂಡಿನಲ್ಲಿ ಅದೇ ಹಾಡು ಹಾಡಿದಳು. ಕ್ಯಾಸೆಟ್ ಓಡಿಸಿದಾಗ ಎರಡು ದನಿಯೂ ಒಂದೇ ಕಡೆ ನಿಂತವು. ಜನ "ಒರಿಜಿನಲ್! ಒರಿಜಿನಲ್!" ಎಂದು ಕುರ್ಚಿ ಬಡಿದರು. ನನಗೆ ಹೆಮ್ಮೆಯಿಂದ ಅಳು ಬಂತು. ಆಮೇಲೆ ಸುಮಾರು ವರ್ಷ ಅವಳನ್ನು ಯಾರೂ ಸೋಲಿಸಲಿಲ್ಲ. ಮನೆಯಲ್ಲಿ ನೀರಿಗಿಂತ ಕೊಡ ಜಾಸ್ತಿಯಾಯಿತೆಂದು ಅಮ್ಮ ಗೊಣಗಿದಳು. ಆರ್ಕೆಸ್ಟ್ರಾ ಯಜಮಾನರು ಸಾಲಗಾಮೆಯಿಂದ ಹಿಡಿದು ಎಲ್ಲೆಲ್ಲೋ ಹಾಡಿಸಿದರು. ಕಾರ್ಯಕ್ರಮ ಮುಗಿದ ಮೇಲೆ ಅವಳಿಗೆ ಊಟ ಹಾಕಿಸದೆ ವ್ಯಾನು ಹೊರಡಿಸುತ್ತಿರಲಿಲ್ಲ. ಕೆಟ್ಟ ಮನುಷ್ಯರಲ್ಲ, ನಾನು ಅವರನ್ನು ಎಷ್ಟು ಬೈದರೂ ಅದನ್ನು ಹೇಳಲೇಬೇಕು.

ಮದುವೆಯ ಮಾತು ಬಂದಾಗಲೆಲ್ಲ 'ಆರ್ಕೆಸ್ಟ್ರಾದಲ್ಲಿ ಹಾಡೋ ಹುಡುಗೀನಾ' ಎಂದು ಗಂಡಿನ ಕಡೆಯವರು ಉಪ್ಪಿಟ್ಟು ತಿಂದು ಎದ್ದುಹೋದರು. ಅಕ್ಕ ಬೇಸರ ಮಾಡಿಕೊಳ್ಳಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಬೇರೆ. ಯಾರೋ ಹಾಡಿದ್ದನ್ನು ಹಾಡುವುದಲ್ಲ, ಅವಳದು ಎಂದು ಒಂದು ಹಾಡು ಆಗಬೇಕು, ಅವಳು ಮೊದಲು ಹಾಡಿದ್ದನ್ನು ಬೇರೆಯವರು ಕಲಿತು ಹಾಡಬೇಕು. ಅಷ್ಟೇ. ಎರಡು ಸಾವಿರದ ಆಚೆಗೆ ಟಿ.ವಿ.ಯಲ್ಲಿ ಹಾಡಿನ ಸ್ಪರ್ಧೆಗಳು ಶುರುವಾದಾಗ ಅದಕ್ಕೆ ದಾರಿ ಸಿಕ್ಕಿತೆಂದು ಅವಳಿಗನ್ನಿಸಿತು. ಟಿ.ವಿ.ಯಲ್ಲಿ ಮುಖ ಕಂಡರೆ ಸಂಗೀತ ನಿರ್ದೇಶಕರು ಕರೆಯುತ್ತಾರೆ, ಕರೆದರೆ ಹೊಸ ಹಾಡು ಕೊಡುತ್ತಾರೆ.

ಅಷ್ಟರಲ್ಲಿ ಅವಳ ಗಂಟಲು ಕೆಡುತ್ತಿತ್ತು. ಬೆಳಗ್ಗೆ ಎದ್ದರೆ ಎಷ್ಟೋ ಹೊತ್ತು ದನಿಯೇ ಹೊರಡುತ್ತಿರಲಿಲ್ಲ. ತಗ್ಗಿನ ಸ್ವರ ಹಿಡಿದರೆ ಬರೀ ಗಾಳಿ. ಮೇಲಿನದು ಮಾತ್ರ ಬಿಗಿಹಿಡಿದು ಒತ್ತಿದರೆ ಬರುತ್ತಿತ್ತು. ಗಣಪತಿ ಸೀಸನ್ ಮುಗಿಯಲಿ, ಡಾಕ್ಟರಿಗೆ ತೋರಿಸೋಣ ಎಂದು ಅಮ್ಮನಿಗೆ ಹೇಳುತ್ತಿದ್ದಳು. ಸೀಸನ್ ಮುಗಿದರೆ ರಾಜ್ಯೋತ್ಸವ ಬರುತ್ತಿತ್ತು.

ಟಿ.ವಿ.ಯವರ ಆಡಿಷನ್ ಹಾಸನದ ಒಂದು ಕಲ್ಯಾಣ ಮಂಟಪದಲ್ಲಿ ನಡೆಯಿತು. ನಾನಾಗ ಹೈಸ್ಕೂಲಿನಲ್ಲಿ ಟೀಚರಾಗಿ ಸೇರಿದ್ದೆ, ರಜೆ ಹಾಕಿ ಜೊತೆಗೆ ಹೋದೆ. ಜಿಲ್ಲೆಯ ಎಲ್ಲ ತಾಲ್ಲೂಕಿನ ಗಾಯಕರು ಎದೆಗೆ ನಂಬರ್ ಚುಚ್ಚಿಕೊಂಡು ನಿಂತಿದ್ದರು. ಬಹಳ ಜನ ಅಕ್ಕನನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಒಳಗೆ ಒಬ್ಬ ಹುಡುಗು ಮುಖದವನು ಕಂಪ್ಯೂಟರ್ ಮುಂದೆ ಕೂತು, ಹೇಳಿದ ಹಾಡಿನ ಟ್ರ್ಯಾಕು, ಅಂದರೆ ಗಾಯಕಿಯ ದನಿ ತೆಗೆದ ಬರೀ ವಾದ್ಯದ ಸಂಗೀತ, ಹಾಕುತ್ತಿದ್ದ. ಅಕ್ಕ ತನ್ನ ಅರಕಲಗೂಡಿನ ಹಾಡನ್ನೇ ಹೇಳಿದಳು. ಸಂಗೀತ ಶುರುವಾಯಿತು. ಅಕ್ಕ ಹಾಡಲಿಲ್ಲ, ಕೈ ಎತ್ತಿ ನಿಲ್ಲಿಸಿದಳು.

"ಸಾರ್, ಇದು ಇಳಿಸಿದ ಟ್ರ್ಯಾಕು. ನನಗೆ ಒರಿಜಿನಲ್ಲೇ ಹಾಕಿ, ನಾನು ಹಾಡ್ತೀನಿ" ಅಂದಳು. ಅವಳ ಮಾತಿನಲ್ಲಿ ಸ್ವಲ್ಪ ಜಂಬವೂ ಇತ್ತು. ಇರಬೇಕಾದದ್ದೇ.

ಎದುರು ಕೂತಿದ್ದ ತೀರ್ಪುಗಾರರು ನಕ್ಕರು. "ಮೇಡಂ, ಇದು ಕಂಪನಿಯವರೇ ಕೊಟ್ಟಿರೋ ಟ್ರ್ಯಾಕು. ಇದಕ್ಕಿಂತ ಒರಿಜಿನಲ್ ನಾನೆಲ್ಲಿಂದ ತರ್ಲಿ?"

ಅಕ್ಕ ಒಪ್ಪಲಿಲ್ಲ. ಅವರು ಸಿ.ಡಿ.ಯಿಂದ ಪೂರ್ತಿ ಹಾಡನ್ನೇ ಕೇಳಿಸಿದರು. ಆ ಗಾಯಕಿ ನಿಧಾನವಾಗಿ, ತುಂಬಿದ ದನಿಯಲ್ಲಿ ಹಾಡತೊಡಗಿದರು. ನಮ್ಮ ಕ್ಯಾಸೆಟ್ಟಿಗಿಂತ ಹೆಚ್ಚುಕಡಿಮೆ ಒಂದು ಮನೆ ಕೆಳಗೆ. ಸೆಲ್ ಮುಗಿದಿದೆ ಎಂದು ಅಪ್ಪ ಬೆನ್ನು ತಟ್ಟುತ್ತಿದ್ದ ರೇಡಿಯೋದಲ್ಲಿ ಕೇಳುತ್ತಿದ್ದ ಹಾಗೇ.

ಅಕ್ಕನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

"ಈಗ ಹಾಡಿ" ಅಂದರು. ಹಾಡಿದಳು. ಆ ಎತ್ತರ ಅವಳಿಗೆ ಹಿಂದೊಮ್ಮೆ ಸ್ವಲ್ಪ ಕಷ್ಟಪಟ್ಟರೆ ಸಿಗುವಂಥದ್ದೇ. ಆದರೆ ಅಷ್ಟು ವರ್ಷ ಒತ್ತಿ ಒತ್ತಿ ಹಾಡಿದ ಗಂಟಲು ಒತ್ತದೆ ಹಾಡುವುದನ್ನು ಮರೆತಿತ್ತು. ಕೆಳಗಿನ ಸ್ವರಗಳಲ್ಲಿ ಅರ್ಧ ದನಿ, ಅರ್ಧ ಗಾಳಿ. ಚರಣಕ್ಕೆ ಬರುವಷ್ಟರಲ್ಲಿ ದನಿ ಒಡೆದು ನಿಂತೇಹೋಯಿತು. "ಗಂಟಲು ಸರಿ ಇಲ್ಲ ಅನ್ಸುತ್ತೆ. ಮುಂದಿನ ವರ್ಷ ಬನ್ನಿ" ಎಂದು ಅವರು ಮರ್ಯಾದೆಯಾಗಿಯೇ ಹೇಳಿ ಮುಂದಿನ ನಂಬರ್ ಕರೆದರು.

ಬಸ್ ಸ್ಟ್ಯಾಂಡಿನಲ್ಲಿ ಕೂತಾಗ ಅಕ್ಕ ಒಂದೇ ಮಾತು ಹೇಳಿದಳು. "ಆಯಮ್ಮನೇ ಅಷ್ಟು ಮೇಲೆ ಹಾಡಿಲ್ವಲ್ಲೇ."

ಅವಳನ್ನು ಬೆಂಚಿನ ಮೇಲೆ ಕೂರಿಸಿ ನಾನು ನೇರವಾಗಿ ಆ ಕ್ಯಾಸೆಟ್ ಅಂಗಡಿಗೆ ಹೋದೆ. ಅವನು ಆಗಲೇ ಕ್ಯಾಸೆಟ್ ಬಿಟ್ಟು ಮೊಬೈಲ್ ಕವರ್ ಮಾರುತ್ತಿದ್ದ. ನಾನು ಕೂಗಾಡಿದೆ, ರಸ್ತೆಯಲ್ಲಿ ಹೋಗುವವರು ನಿಂತು ನೋಡಿದರು. ಅವನು ಗಾಬರಿಯಾಗಲಿಲ್ಲ. ಹಳೆಯ ಯಂತ್ರ ಮೂಲೆಯಲ್ಲೇ ಇತ್ತು, ಕೈ ತೋರಿಸಿದ.

"ಒಂದ್ ಕ್ಯಾಸೆಟ್ಗೆ ಇನ್ನೊಂದೆರಡು ಆಡು ಇಡಿಸ್ಕೊಡಿ ಅಂತ ಎಲ್ರೂ ಕೇಳೋರಕ್ಕ. ತುಂಬ್ಸೋವಾಗ ಕಂಪ್ನಿ ಕ್ಯಾಸೆಟ್ ಸ್ಪೀಡ್ ಒಸಿ ಜಾಸ್ತಿ ಮಾಡುದ್ರೆ ಇಡೀತಿತ್ತು. ಬೇಗ ಓಡುದ್ರೆ ದನಿ ಒಸಿ ಸಣ್ಣ ಆಗಿ ಮೇಲಕ್ ಓಯ್ತದೆ, ಅಷ್ಟೇಯ. ಇಷ್ಟ್ ವರ್ಷ ಇಡೀ ಜಿಲ್ಲೇನೇ ಕೇಳ್ತಲ್ಲ, ಯಾರ್ಗೂ ಏನೂ ಆಗ್ನಿಲ್ವಲ್ಲ?"

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಕೇಳಿದವರಿಗೆ ಯಾರಿಗೂ ಏನೂ ಆಗಿರಲಿಲ್ಲ. ಎರಡು ಹಾಡು ಹೆಚ್ಚು ಸಿಕ್ಕಿತ್ತು, ಎಲ್ಲರಿಗೂ ಲಾಭವೇ. ಅವನ ಮುಖಕ್ಕೆ ಒಂದು ಮೊಬೈಲ್ ಕವರ್ ಎಸೆದು ಬಂದೆ. ಅದರಿಂದ ಏನೂ ಸಮಾಧಾನವಾಗಲಿಲ್ಲ.

ಡಾಕ್ಟರು ಅಕ್ಕನ ಗಂಟಲೊಳಗೆ ನೋಡಿ ಗಂಟಾಗಿದೆ ಅಂದರು. ಆಪರೇಷನ್ ಮಾಡಿದರೆ ಮಾತಾಡಲು ತೊಂದರೆಯಿಲ್ಲ, ಹಾಡಿನ ವಿಷಯ ಹೇಳಲಾಗುವುದಿಲ್ಲ ಅಂದರು. ಮಾಡಿಸಿದೆವು. ಮಾತು ಬಂತು, ಹಾಡು ಬರಲಿಲ್ಲ. ಸಂಗೀತದ ಅಜ್ಜಿ ಊರುಗೋಲು ಹಿಡಿದುಕೊಂಡು ನೋಡಲು ಬಂದರು. ಅಕ್ಕನ ತಲೆ ನೇವರಿಸಿದರು. 'ನಾನಂದಿರಲಿಲ್ಲವೇ' ಎಂದು ಅವರು ಅಂದಿದ್ದರೆ ನಾನೇ ಅವರ ಮೇಲೆ ಹರಿಹಾಯುತ್ತಿದ್ದೆ.

ಆರ್ಕೆಸ್ಟ್ರಾ ಯಜಮಾನರೂ ಒಂದು ಗೊನೆ ಎಳನೀರು ತಂದಿಟ್ಟು ತಲೆತಗ್ಗಿಸಿ ಕೂತರು. ಅವರಿಗೂ ಸಿ.ಡಿ. ಕೇಳಿದ ಮೇಲೆ ಗೊತ್ತಾಗಿತ್ತು. ಈಗಲಾದರೂ ಸರಿಯಾದ ಎತ್ತರದಲ್ಲಿ ನುಡಿಸುತ್ತೀರಾ, ಬೇರೆ ಹುಡುಗಿಯರ ಗಂಟಲಾದರೂ ಉಳಿಯಲಿ, ಎಂದು ನಾನು ಕೇಳಿದೆ. ಅವರು ಅಕ್ಕನ ಕಡೆ ನೋಡದೆ ನನಗೆ ಹೇಳಿದರು.

"ಒಂದ್ ಕಿತಾ ಸೀಡಿ ಲೆಕ್ಕಕ್ಕೇ ನುಡುಸ್ದೆ ಕಣವ್ವ. ಜನ ಇಳ್ಸವ್ರೆ ಅಂತ ಕುರ್ಚಿ ಎಸೆದ್ಬುಟ್ರು. ತಿರ್ಗಾ ಮೇಲಕ್ ಎತ್ಬುಟ್ಟೆ. ಏನ್ ಮಾಡ್ಲವ್ವ ನಾನು?"

ಹೀಗೆ ಎಲ್ಲರಿಗೂ ನಿಜ ಗೊತ್ತಾದ ಮೇಲೂ ನಮ್ಮ ಜಿಲ್ಲೆಯಲ್ಲಿ ಸುಳ್ಳು ಎತ್ತರದ ಒರಿಜಿನಲ್ಲೇ ಇನ್ನೂ ಸ್ವಲ್ಪ ಕಾಲ ನಡೆಯಿತು. ಅಕ್ಕನ ಜಾಗಕ್ಕೆ ಬೇರೊಬ್ಬ ಹುಡುಗಿ ಬಂದಳು. ಅವಳ ಕುತ್ತಿಗೆಯ ನರ ಹೇಗಿತ್ತೆಂದು ನಾನು ನೋಡಲು ಹೋಗಲಿಲ್ಲ.

ಕೆಲವು ವರ್ಷದ ಮೇಲೆ ಒಂದು ಭಾನುವಾರ ಮಧ್ಯಾಹ್ನ. ಅಕ್ಕ ನನ್ನ ಹಾಸನದ ಮನೆಗೆ ಬಂದಿದ್ದಳು. ಆಗ ಕೇಬಲ್ಲಿನಲ್ಲಿ ಬೇಕಾದ್ದು ಬೇಡವಾದ್ದು ನೂರೆಂಟು ಚಾನೆಲ್ ಬರುತ್ತಿದ್ದವು. ಯೂರೋಪಿನ ಯಾವುದೋ ಚಾನೆಲ್ಲಿನಲ್ಲಿ ಹಾಡಿನ ಸ್ಪರ್ಧೆಯೊಂದರ ಮರುಪ್ರಸಾರ ನಡೆಯುತ್ತಿತ್ತು. ದೇಶಕ್ಕೆ ಒಬ್ಬರಂತೆ ಹಾಡುತ್ತಾರೆ, ಉಳಿದ ದೇಶದವರು ಫೋನು ಮಾಡಿ ಮತ ಹಾಕುತ್ತಾರೆ. ಹಿಂದಿನ ವರ್ಷವೂ ನಾನದನ್ನು ಅರ್ಧ ನೋಡಿ, ಕುತೂಹಲಕ್ಕೆ ಇಂಟರ್‌ನೆಟ್ ಸೆಂಟರಿನಲ್ಲಿ ಕೂತು ಓದಿಕೊಂಡಿದ್ದೆ. ಅಕ್ಕ ಬಟಾಣಿ ಬಿಡಿಸುತ್ತಾ ಕೂತಿದ್ದಳು. ಹಾಡಿನ ಕಾರ್ಯಕ್ರಮ ಬಂದರೆ ಎದ್ದುಹೋಗುವುದು ಅವಳ ಅಭ್ಯಾಸ. ಅವತ್ತು ಭಾಷೆ ತಿಳಿಯದ್ದರಿಂದಲೋ ಏನೋ ಏಳಲಿಲ್ಲ.

ಮಾಲ್ಟಾ ದೇಶದ ಸರದಿ ಬಂತು. ಒಬ್ಬಳು ಹೆಂಗಸು, ಅಷ್ಟು ದೊಡ್ಡ ವೇದಿಕೆಯ ಮೇಲೆ ಒಬ್ಬಳೇ.

"ಎಲ್ಲಿದೆ ಅದು?" ಎಂದು ಅಕ್ಕ ಕೇಳಿದಳು. ಸಮುದ್ರದ ಮಧ್ಯೆ ಒಂದು ಪುಟ್ಟ ದ್ವೀಪ, ನಮ್ಮ ಹೊಳೆನರಸೀಪುರ ತಾಲ್ಲೂಕಿಗಿಂತ ಚಿಕ್ಕದು, ಅಲ್ಲಿಯವರಿಗೆ ನಮ್ಮವರಿಗಿಂತ ಜಾಸ್ತಿ ಹಾಡಿನ ಸ್ಪರ್ಧೆಯ ಹುಚ್ಚು, ಮೊದಲು ತಮ್ಮಲ್ಲೇ ಸ್ಪರ್ಧೆ ಮಾಡಿ ಒಬ್ಬರನ್ನು ಆರಿಸಿ ಕಳಿಸುತ್ತಾರೆ ಎಂದೆ. ಅಕ್ಕನಿಗೆ ನಗು ಬಂತು.

"ಈ ಹಾಡು ಮೊದಲು ಯಾರು ಹಾಡಿದ್ದು?"

"ಯಾರೂ ಹಾಡಿಲ್ಲ. ಅಲ್ಲಿ ಹಳೇ ಹಾಡು ಹಾಡೋ ಹಾಗೇ ಇಲ್ಲ. ಬರೆಯೋರು ಈ ಸ್ಪರ್ಧೆಗೆ ಅಂತ ಹೊಸದಾಗಿ ಬರೀತಾರೆ, ಹಾಡೋರ ಗಂಟಲಿಗೆ ಒಪ್ಪೋ ಹಾಗೆ."

ಅಕ್ಕನ ಕೈ ನಿಂತಿತು. "ಮತ್ತೆ ಅವಳು ಇಳಿಸಿದಳೋ ಇಲ್ವೋ ಅಂತ ಹೇಗೆ ಕಂಡುಹಿಡೀತಾರೆ?"

"ಕಂಡುಹಿಡಿಯೋದು ಏನಿದೆ ಅಕ್ಕ? ಅವಳು ಎಷ್ಟು ಎತ್ತರದಲ್ಲಿ ಹಾಡ್ತಾಳೋ ಅದೇ ಒರಿಜಿನಲ್."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಕ್ಕ ಟಿ.ವಿ.ಯ ಕಡೆ ಸ್ವಲ್ಪ ಬಾಗಿ ಕೇಳುತ್ತಿದ್ದಳು. ಆ ಹೆಂಗಸಿನದು ತಗ್ಗಿನ ದನಿ, ಎಲ್ಲೂ ಕಿರುಚಲಿಲ್ಲ, ಕುತ್ತಿಗೆ ಸಡಿಲವಾಗಿಯೇ ಇತ್ತು. ಸಾವಿರಾರು ಜನ ಸದ್ದಿಲ್ಲದೆ ಕೇಳುತ್ತಿದ್ದರು.

"ಅವಳದೂ ನಾಲ್ಕೇ ಕಣೇ" ಅಂದಳು ಅಕ್ಕ.

ನಾನು ಹೂಂ ಅಂದು ಟಿ.ವಿ. ನೋಡುತ್ತಲೇ ಇದ್ದೆ. ಆ ಹೆಂಗಸಿಗೆ ಎಷ್ಟು ಮತ ಬಿತ್ತೆಂದು ನನಗೆ ನೆನಪಿಲ್ಲ. ಆಪರೇಷನ್ ಆದ ಮೇಲೆ ಅಕ್ಕನಿಗೆ ಮಾತು ಬರುತ್ತಿತ್ತು, ಅತ್ತರೆ ಮಾತ್ರ ದನಿ ಹೊರಡುತ್ತಿರಲಿಲ್ಲ. ಹಾಗಾಗಿ ಅವಳು ಆಗಿನಿಂದ ಅಳುತ್ತಿದ್ದಳೆಂದು ಹಾಡು ಮುಗಿದು ತಿರುಗಿ ನೋಡಿದಾಗಲೇ ನನಗೆ ಗೊತ್ತಾದದ್ದು.